ಡೆಲ್ಫಿನ್ ಕಟ್ಟಿದ ಬಣ್ಣದ ಕಂಪ್ಯೂಟರ್

ಡೆಲ್ಫಿನ್ ಆ ಆರು ಫ್ಯಾನುಗಳ ಕಡೆ ಕಣ್ಣು ಹಾಯಿಸದೆ ಇದ್ದಿದ್ದರೆ ಅವನ ದಿನ ಸುಸೂತ್ರವಾಗಿ ಕಳೆದುಹೋಗುತ್ತಿತ್ತು. ಕಂಪ್ಯೂಟರಿನ ಹೊಟ್ಟೆ ತಣ್ಣಗಿರಲು ಎರಡು ಫ್ಯಾನು ಸಾಕು. ಇದು ಅವನಿಗೂ ಗೊತ್ತಿತ್ತು. ಗೇಮ್ ಆಡಲು ತನ್ನದೇ ಒಂದು ಕಂಪ್ಯೂಟರನ್ನು ತಾನೇ ಜೋಡಿಸಬೇಕೆಂದು ತಿಂಗಳುಗಟ್ಟಲೆ ಫೋನಿನಲ್ಲಿ ವಿಡಿಯೋ ನೋಡಿ, ಯಾವ ಪ್ರೊಸೆಸರ್, ಎಷ್ಟು ಮೆಮೊರಿ, ಯಾವ ಕಾರ್ಡ್ ಎಂದು ನಿದ್ದೆಯಲ್ಲೂ ಕನವರಿಸುತ್ತಿದ್ದವನು ಅವನು. ಆದರೆ ಗಿಲ್‌ಮೋರ್ ಬೀದಿಯ ಅಂಗಡಿಯೊಂದರಲ್ಲಿ ಆ ಫ್ಯಾನುಗಳು ಕೆಂಪು, ಹಸಿರು, ನೀಲಿ ಎಂದು ಬಣ್ಣ ಬದಲಿಸುತ್ತ ತಿರುಗುವುದನ್ನು ಕಂಡಾಗ ಕಲಿತ ವಿದ್ಯೆಯೆಲ್ಲ ಗಾಳಿಗೆ ಹೋಯಿತು.

ಜೊತೆಗೆ ಟೆರೊಯ್ ಬೇರೆ ಇದ್ದ. ಪಕ್ಕದ ಮನೆಯವನು. ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದರಿಂದ ಕರೆಂಟಿನಲ್ಲಿ ಓಡುವ ಸಮಸ್ತ ವಸ್ತುಗಳ ಬಗ್ಗೆಯೂ ತೀರ್ಪು ಕೊಡುತ್ತಿದ್ದ.

“ಲೋ, ಕಂಪ್ಯೂಟರ್ ಅಂದ್ರೆ ನೋಡಿದೋರ ಹೊಟ್ಟೆ ಉರೀಬೇಕು ಕಣೋ. ಒಳಗಡೆ ಏನಿದೆ ಅಂತ ಯಾರು ಬಗ್ಗಿ ನೋಡ್ತಾರೆ? ಆರೂ ತಗೋ.”

ಆರೂ ತೆಗೆದುಕೊಂಡ ಮೇಲೆ ಅವು ಹೊರಗೆ ಕಾಣಲು ಗಾಜಿನ ಪೆಟ್ಟಿಗೆ ಬೇಕಾಯಿತು. ಗಾಜಿನ ಪೆಟ್ಟಿಗೆಯಲ್ಲಿ ಮಾಮೂಲಿ ಮೆಮೊರಿ ಬೋಳುಬೋಳಾಗಿ ಕಾಣುತ್ತದೆಂದು ಮಿನುಗುವ ಮೆಮೊರಿ ಬಂತು. ಶೂ ಕಾರ್ಖಾನೆಯಲ್ಲಿ ವರ್ಷವಿಡೀ ಅಟ್ಟೆಗೆ ಅಂಟು ಬಳಿದು ಗಳಿಸಿದ ಬೋನಸ್ಸು ಹೀಗೆ ಕರಗಿತು. ಕೊನೆಗೆ ಅವನ ಕೈ ಪರ್ಸಿನ ಹಿಂದಿನ ಖಾನೆಗೆ ಹೋಯಿತು. ಅಲ್ಲಿದ್ದದ್ದು ಹ್ಯಾಮ್ ದುಡ್ಡು, ಹಬ್ಬದ ಹಂದಿತೊಡೆಗೆಂದು ಎತ್ತಿಟ್ಟದ್ದು.

“ಬೋನಸ್ಸು ನಿಮ್ದು, ಏನಾದ್ರೂ ಮಾಡ್ಕೊಳ್ಳಿ. ಹ್ಯಾಮ್ ದುಡ್ಡು ಮುಟ್ಟಿದ್ರೆ ಮಾತ್ರ ನಾನು ಸುಮ್ನಿರಲ್ಲ. ಈ ಸಲ ಅಮ್ಮ ಬರ್ತಾ ಇದಾರೆ,” ಎಂದು ಹೆಂಡತಿ ಮಾರಿವಿಕ್ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು. ಕ್ರಿಸ್‌ಮಸ್ ರಾತ್ರಿಯೂಟಕ್ಕೆ ಮೇಜಿನ ನಡುವೆ ಹ್ಯಾಮ್ ಕಾಣದಿದ್ದರೆ ಅತ್ತೆ ಏನೆಂದಾರು ಎಂದು ಯೋಚಿಸಲೂ ಡೆಲ್ಫಿನ್‌ಗೆ ಹೆದರಿಕೆಯಾಯಿತು. ಹೆದರುತ್ತಲೇ ದುಡ್ಡು ತೆಗೆದು ಕೊಟ್ಟ.

ಅದರಲ್ಲಿ ಅಗ್ಗದ ಪ್ರೊಸೆಸರ್ ಒಂದು ಬಂತು. ಗ್ರಾಫಿಕ್ಸ್ ಕಾರ್ಡ್ ಮುಂದಿನ ವರ್ಷಕ್ಕೆ ಹೋಯಿತು.

“ಅಣ್ಣಾ, ಈ ಪ್ರೊಸೆಸರ್ ಒಂದೇ ಇದ್ರೆ ಪರದೆ ಮೇಲೆ ಏನೂ ಬರಲ್ಲ,” ಎಂದಳು ಅಂಗಡಿಯ ಹುಡುಗಿ. “ಕಾರ್ಡ್ ಬೇಕೇ ಬೇಕು. ಇಲ್ಲಾಂದ್ರೆ ಕಾರ್ಡಿಲ್ದೇನೇ ಚಿತ್ರ ತೋರ್ಸೋದು ಇದರದ್ದೇ ಇನ್ನೊಂದು ಥರ ಇದೆ, ಸ್ವಲ್ಪ ಜಾಸ್ತಿ ಅಷ್ಟೆ.”

ಟೆರೊಯ್ ಮೊಣಕೈಯಿಂದ ತಿವಿದ. “ಕೇಳಿದ್ಯಾ? ಸ್ವಲ್ಪ ಜಾಸ್ತಿ ಅಷ್ಟೆ! ಅಂಗಡಿಯವರೆಲ್ಲ ಓದೋ ಮಂತ್ರ ಇದೇ.”

ಇಷ್ಟು ದಿನವೂ ಕಾರ್ಡ್ ಇದೆಯೆಂದೇ ಲೆಕ್ಕ ಹಾಕಿಕೊಂಡಿದ್ದ ಡೆಲ್ಫಿನ್‌ಗೆ, ಅದಿಲ್ಲದಿದ್ದರೆ ಏನಾಗುತ್ತದೆಂಬುದು ತಿಳಿದಿರಲಿಲ್ಲ. ತಿಳಿದವನಂತೆ ನಕ್ಕು ಪೆಟ್ಟಿಗೆಗಳನ್ನು ಹೊತ್ತುಕೊಂಡ.

ಮರಿಕೀನಾದ ಅವನ ಓಣಿಯಲ್ಲಿ ಆಗಲೇ ಗಡಿಬಿಡಿ. ಸಂಜೆ ಓಣಿ ಓಣಿಗಳ ನಡುವೆ ಕ್ರಿಸ್‌ಮಸ್ ನಕ್ಷತ್ರದೀಪದ ಸ್ಪರ್ಧೆ. ಓಣಿಯ ಮೂಲೆಯಂಗಡಿಯ ಲುಮಿಂಗಜ್ಜಿ ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ಮಾಡಿದ ದೊಡ್ಡ ನಕ್ಷತ್ರ ಓಣಿಯ ಚಪ್ಪರದಡಿ ಬೆಂಚಿನ ಮೇಲೆ ಒಣಗುತ್ತಿತ್ತು. ಡೆಲ್ಫಿನ್‌ನ ಮನೆಯೊಳಗೆ ಕಾಲು ಚಾಚಲೂ ಜಾಗವಿಲ್ಲದ್ದರಿಂದ ಅವನೂ ಆ ಚಪ್ಪರದಡಿಯೇ ಮೇಜು ಹಾಕಿ, ಟೆರೊಯ್‌ನ ಅಂಗಡಿಯ ಹಳೆಯ ಪರದೆಯೊಂದನ್ನು ತಂದಿಟ್ಟ.

“ಅದೇನೋ ಅದು, ಮೀನು ಸಾಕೋ ತೊಟ್ಟಿನಾ?” ಎಂದಳು ಲುಮಿಂಗಜ್ಜಿ.

“ಕಂಪ್ಯೂಟರ್ ಅಜ್ಜಿ.”

“ಕಂಪ್ಯೂಟರ್‌ಗೆ ಇಷ್ಟೊಂದು ಫ್ಯಾನ್ ಯಾಕೋ? ನನ್ ಮನೇಲಿ ಇರೋದೇ ಒಂದು, ಅದೂ ತಿರುಗಲ್ಲ.”

ಜನ ಸೇರಿದರು. ಒಬ್ಬರು ಸ್ಕ್ರೂ ಬಿಗಿ ಮಾಡು ಎಂದರೆ ಇನ್ನೊಬ್ಬರು ಸಡಿಲ ಬಿಡು ಎಂದರು. ಲುಮಿಂಗಜ್ಜಿ ಮಾತ್ರ “ನನ್ ನಕ್ಷತ್ರದ ಹತ್ರ ಬರ್ಬೇಡ್ರೋ” ಎಂದು ಕೂಗುತ್ತಲೇ ಇದ್ದಳು. ಹೊತ್ತು ಮುಳುಗುವಾಗ ಕೊನೆಯ ವೈರೂ ಸೇರಿ, ಡೆಲ್ಫಿನ್ ಉಸಿರು ಬಿಗಿಹಿಡಿದು ಸ್ವಿಚ್ ಒತ್ತಿದ.

ಚಪ್ಪರವೆಲ್ಲ ಬಣ್ಣಬಣ್ಣ. ಆರೂ ಫ್ಯಾನುಗಳು ಝಗಝಗಿಸಿದವು, ಮೆಮೊರಿ ಮಿನುಗಿತು. ಓಣಿಯವರು ಚಪ್ಪಾಳೆ ತಟ್ಟಿದರು. ಮಾರಿವಿಕ್ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ನೋಡಿದಳು.

ಪರದೆ ಮಾತ್ರ ಕಪ್ಪಗೇ ಇತ್ತು.

“ಕಾಯ್ಬೇಕು, ಹೊಸದಲ್ವಾ,” ಎಂದ ಟೆರೊಯ್. ಕಾದರು. ಮೆಮೊರಿ ಕಿತ್ತು, ಊದಿ, ಮತ್ತೆ ಹಾಕಿದರು. ವೈರು ಬದಲಿಸಿದರು. ಟೆರೊಯ್ ಪರದೆಯ ಬೆನ್ನಿಗೆ ಎರಡು ಗುದ್ದಿದ. ಆಗ ಡೆಲ್ಫಿನ್‌ನ ಕಿವಿಯಲ್ಲಿ ಅಂಗಡಿ ಹುಡುಗಿಯ ಮಾತು ನಿಧಾನಕ್ಕೆ ಮೊಳಗಿತು. ಬೋನಸ್ಸೂ ಹೋಯಿತು, ಹ್ಯಾಮೂ ಹೋಯಿತು, ಬಂದದ್ದು ಒಂದು ಬಣ್ಣದ ಪೆಟ್ಟಿಗೆ. ಹಿಂದೆ ಸರಿದು ಬೆಂಚಿನ ಮೇಲೆ ಕುಸಿದು ಕೂತ.

ಲಟಲಟನೆ ಬಿದಿರು ಮುರಿಯಿತು.

“ಅಯ್ಯೋ ನಿನ್ ಮನೆ ಹಾಳಾಗ! ಎದ್ದೇಳೋ! ನನ್ ನಕ್ಷತ್ರ!” ಲುಮಿಂಗಜ್ಜಿ ಪೊರಕೆ ಹಿಡಿದೇ ಬಂದಳು. ಎದ್ದ ಡೆಲ್ಫಿನ್‌ನ ಹಿಂಭಾಗಕ್ಕೆ ಕೆಂಪು ಕಾಗದ ಅಂಟಿಕೊಂಡಿತ್ತು. ಅಷ್ಟರಲ್ಲಿ ಓಣಿಯ ಬಾಯಲ್ಲಿ ತೀರ್ಪುಗಾರರ ಜೀಪಿನ ಹಾರ್ನ್ ಕೇಳಿಸಿತು.

ಅಜ್ಜಿ ಪೊರಕೆ ಎತ್ತಿದವಳು ಹಾಗೇ ನಿಂತಳು. ಮುರಿದ ನಕ್ಷತ್ರ ನೋಡಿದಳು, ಝಗಝಗಿಸುವ ಪೆಟ್ಟಿಗೆ ನೋಡಿದಳು. “ಟೆರೊಯ್, ಟೇಪ್ ತಾರೋ. ಉಳಿದಿರೋ ಬಿದಿರು ಇದರ ಸುತ್ತ ಕಟ್ಟು. ಲೇ ಡೆಲ್ಫಿನ್, ಆರಿಸ್ದೆ ಅಂದ್ರೆ ಕೊಂದ್‌ಬಿಡ್ತೀನಿ!”

ಪರದೆಯನ್ನು ಕಿತ್ತು ಪಕ್ಕಕ್ಕಿಟ್ಟರು. ಬಿದಿರಿನ ಐದು ಮೊನೆಗಳ ನಡುವೆ ಕಂಪ್ಯೂಟರನ್ನು ಕೂರಿಸಿ, ಹರಿದ ಕಾಗದವನ್ನು ಸುತ್ತ ಇಳಿಬಿಟ್ಟರು. ಫ್ಯಾನಿನ ಗಾಳಿಗೆ ಕಾಗದ ಪಟಪಟ ಹಾರಾಡಿತು. ತೀರ್ಪು ಕೊಡಲು ಬಂದ ಬರಂಗಾಯ್ ಕ್ಯಾಪ್ಟನ್, ಅಂದರೆ ಬಡಾವಣೆಯ ಮುಖ್ಯಸ್ಥೆ, ಬೆಲೆನ್ ಅಮ್ಮ ಬಾಯಿ ತೆರೆದವರು ಮುಚ್ಚಲಿಲ್ಲ.

“ತಿರುಗ್ತಾನೂ ಇದೆ! ಬಣ್ಣಾನೂ ಬದಲಾಗ್ತಿದೆ! ಬೇರೆ ಓಣಿಗೆ ಹೋಗೋದೇ ಬೇಡ,” ಎಂದರು. ಶಾಸ್ತ್ರಕ್ಕೆ ಹೋಗಿ ಬಂದು, ಮೊದಲ ಬಹುಮಾನ ಇದಕ್ಕೇ ಎಂದು ಸಾರಿದರು. ನಕ್ಷತ್ರ ಕೆಟ್ಟದ್ದು ಯಾರಿಂದಲೋ ಅವನಿಗೇ ಸೇರಲಿ ಎಂದು ಓಣಿಯವರು ನಗುನಗುತ್ತ ಬಹುಮಾನವನ್ನು ಡೆಲ್ಫಿನ್‌ನ ಕೈಗೆ ದಾಟಿಸಿದರು. ಬಹುಮಾನ ಒಂದು ಇಡೀ ಹ್ಯಾಮ್.

ಡೆಲ್ಫಿನ್‌ಗೆ ಹೋದ ಜೀವ ಬಂದಂತಾಯಿತು. ಕಂಪ್ಯೂಟರ್ ಹಾಳಾಗಲಿ, ಅತ್ತೆಯ ಮುಂದೆ ಮಾನ ಉಳಿಯಿತು. ಹ್ಯಾಮನ್ನು ಕೂಸಿನ ಹಾಗೆ ಎತ್ತಿಕೊಂಡು ಹೋಗಿ ಹೆಂಡತಿಗೆ ಕೊಟ್ಟ.

ಮಾರಿವಿಕ್ ಅರಳಿದಳು. “ಎಷ್ಟು ಚೆನ್ನಾಗಿದೆ! ಹಾಗಾದ್ರೆ ನಾವು ಇಟ್ಟಿದ್ದ ಹ್ಯಾಮ್ ದುಡ್ಡು ಹಾಗೇ ಉಳೀತಲ್ಲ ರೀ. ಕೊಡಿ ಇಲ್ಲಿ, ನಂಗೊಂದು ಕೆಲಸ ಇದೆ.”

ಬಂದ ಜೀವ ಮತ್ತೆ ಹೋಯಿತು. “ಪರ್ಸು… ಚಪ್ಪರದಲ್ಲಿದೆ. ತರ್ತೀನಿ,” ಎಂದು ತೊದಲಿ ಓಡಿದ.

ಚಪ್ಪರದಲ್ಲಿ ಬೆಲೆನ್ ಅಮ್ಮ ಇನ್ನೂ ನಕ್ಷತ್ರದ ಮುಂದೆಯೇ ಇದ್ದರು. “ನೋಡಪ್ಪಾ, ಇದು ನಮ್ಮ ಚಾಪೆಲ್‌ಗೆ ಪ್ರತಿ ವರ್ಷಾನೂ ಬೇಕು ಅನ್ನಿಸ್ತಿದೆ. ಅಲಂಕಾರದ ನಿಧೀಲಿ ಜಾಸ್ತಿ ಏನಿಲ್ಲ. ಒಂದು ಹ್ಯಾಮ್ ತಗೊಳ್ಳೋವಷ್ಟು ಇರಬಹುದು. ದೇವರ ಕೆಲಸ ಅಂತ ಕೊಟ್ಬಿಡ್ತೀಯಾ?”

ಅದರ ಹತ್ತು ಪಾಲು ಬೆಲೆಯ ವಸ್ತು ಅದು. ಡೆಲ್ಫಿನ್ ಒಮ್ಮೆ ಆ ಬಣ್ಣಗಳನ್ನು ನೋಡಿದ. ಇನ್ನೊಮ್ಮೆ ತನ್ನ ಮನೆಯ ಬಾಗಿಲನ್ನು ನೋಡಿದ.

“ತಗೊಂಡ್ ಹೋಗಿ ಅಮ್ಮಾ,” ಎಂದ. ಬೆಲೆನ್ ಅಮ್ಮನ ಕಣ್ಣು ತುಂಬಿತು. ನಾಲ್ಕು ಜನ ಅದನ್ನು ಹೊತ್ತು ನಡೆದರು. ಬೆಲೆನ್ ಅಮ್ಮ ಕೊಟ್ಟ ದುಡ್ಡನ್ನೇ ಡೆಲ್ಫಿನ್ ತಂದು ಹೆಂಡತಿಯ ಕೈಗಿಟ್ಟ. ಅವಳು ಎಣಿಸಲೂ ಇಲ್ಲ, ಟೆರೊಯ್‌ನನ್ನು ಕರೆದುಕೊಂಡು ಎತ್ತಲೋ ಹೊರಟಳು.

ಡೆಲ್ಫಿನ್ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದ. ದುಃಖವಾಗಬೇಕಿತ್ತು, ಆಗಲಿಲ್ಲ. ಬೈಗುಳ ಇಲ್ಲ, ಸುಳ್ಳು ಸಿಕ್ಕಿಬೀಳಲಿಲ್ಲ, ಅತ್ತೆ ಬರಲಿ ಯಾರು ಬೇಕಾದರೂ ಬರಲಿ. ಇಡೀ ದಿನದಲ್ಲಿ ಮೊದಲ ಸಲ ಹಾಯಾಗಿ ಉಸಿರಾಡಿದ. ಲುಮಿಂಗಜ್ಜಿ ಬಿಸಿಬಿಸಿ ಅಕ್ಕಿಕಡುಬು ತಂದು ಕೊಟ್ಟು, “ಪರವಾಗಿಲ್ಲ ಕಣೋ, ನಿನ್ ಹಿಂಭಾಗದಿಂದ ಓಣಿ ಗೆದ್ದಿತು,” ಎಂದು ಹೋದಳು.

ಅವನು ಕಡುಬು ಮುಗಿಸುವಷ್ಟರಲ್ಲಿ ಮಾರಿವಿಕ್ ಏದುಸಿರು ಬಿಡುತ್ತ ಬಂದಳು. ಹಿಂದೆ ಟೆರೊಯ್, ತಪ್ಪಿತಸ್ಥನ ನಗು ನಗುತ್ತ.

“ಕಣ್ಣು ಮುಚ್ಚಿ,” ಎಂದಳು. ಮುಚ್ಚಿದ. ತೊಡೆಯ ಮೇಲೆ ಏನೋ ಭಾರವಾದದ್ದು ಕೂತಿತು. ಕಣ್ಣು ಬಿಟ್ಟರೆ ಗ್ರಾಫಿಕ್ಸ್ ಕಾರ್ಡ್.

“ಟೆರೊಯ್ ಕಾರ್ಡಿನ ವಿಷಯ ಎಲ್ಲಾ ಹೇಳ್ದ ರೀ. ಆ ಹುಡುಗಿ ಮಾತು ಕೇಳ್ಬೇಡ ಅಂದಿದ್ದು ಇವನೇ ಅಂತೆ. ಇವನ ಚಿಕ್ಕಪ್ಪನ ಮಗನ ಹತ್ರ ಹಳೇದು ಒಂದಿತ್ತು. ಹ್ಯಾಮ್ ದುಡ್ಡಿಗೆ ಸರಿಯಾಗಿ ಕೊಟ್ಟ. ನೀವು ಹ್ಯಾಮ್ ದುಡ್ಡು ಮುಟ್ಟದೇ ಇಟ್ಟಿದ್ರಲ್ಲ, ಅದು ನೋಡಿ ನಂಗೆಷ್ಟು ಸಂತೋಷ ಆಯ್ತು ಗೊತ್ತಾ! ಇದು ನನ್ ಕಡೆಯಿಂದ.”

ಡೆಲ್ಫಿನ್ ಕಾರ್ಡನ್ನೊಮ್ಮೆ, ಚಾಪೆಲ್ ಇರುವ ದಿಕ್ಕನ್ನೊಮ್ಮೆ ನೋಡಿದ.

“ಏನ್ರೀ ಹಾಗೆ ನೋಡ್ತೀರಿ? ಕಂಪ್ಯೂಟರ್‌ನ ಚಾಪೆಲ್‌ಗೆ ಹೊತ್ಕೊಂಡ್ ಹೋಗೋದನ್ನ ದಾರೀಲಿ ನೋಡ್ದೆ. ಹಬ್ಬ ಮುಗಿಯೋತನಕ ಇಟ್ಕೊಳ್ತಾರಾ? ಹೋಗಿ, ಯಾವತ್ತು ವಾಪಸ್ ಕೊಡ್ತಾರೆ ಅಂತ ಬೆಲೆನ್ ಅಮ್ಮನ್ನ ಕೇಳ್ಕೊಂಡ್ ಬನ್ನಿ.”

ಡೆಲ್ಫಿನ್ ಕಾರ್ಡನ್ನು ಎದೆಗವಚಿಕೊಂಡು ಮೆಲ್ಲಗೆ ಎದ್ದ.

“ಕೇಳ್ತೀನಿ,” ಎಂದ.