ತಲೆಯಿಲ್ಲದ ಲೆಂಗುವಾದೊ

ಎಲ್ಲ ಅನಾಹುತಕ್ಕೂ ಕಾರಣ ಒಂದು ಫೋಟೊ. ಲೀಮಾದ ಚೊರಿಯೋಸ್ ಕಡಲದಂಡೆಯಲ್ಲಿರುವ ದೊನ್ಯಾ ಸೊರಾಯ್ದಾ ಹಸಿ ಮೀನನ್ನು ನಿಂಬೆರಸದಲ್ಲಿ ನೆನೆಸಿ ಮಾಡುವ ಸೆವಿಚೆಯ ಅಂಗಡಿಯ ಮುಂದೆ ಮಧ್ಯಾಹ್ನವಾದರೆ ಬೀದಿಯ ತಿರುವಿನವರೆಗೂ ಸಾಲು ನಿಲ್ಲುತ್ತದೆ. ಆ ಸಾಲಿನ ಪಕ್ಕ ಎವರಿಸ್ತೊ ವಾಪಾಯ ತನ್ನ ಮೀನು ಕಂಪನಿಯ ನೀಲಿ ಚೀಲ ಹಿಡಿದು, ಹಲ್ಲು ಕಿರಿದು ಫೋಟೊ ತೆಗೆಸಿಕೊಂಡು ಅಲಾಸ್ಕಾದ ಮುಖ್ಯ ಕಚೇರಿಗೆ ಕಳಿಸಿದ. ಅಡಿಯಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ. ಅಷ್ಟರಮಟ್ಟಿಗೆ ಅವನು ಪ್ರಾಮಾಣಿಕ. ಜನ ಯಾವ ಮೀನಿಗೆ ಸಾಲು ನಿಂತಿದ್ದಾರೆ ಎಂಬುದನ್ನು ಕಚೇರಿಯವರು ತಾವೇ ಊಹಿಸಿಕೊಂಡರು. ಮೇಲಿನವರ ಊಹೆಯನ್ನು ತಿದ್ದುವುದು ಮರ್ಯಾದೆಯಲ್ಲ ಎಂದು ಎವರಿಸ್ತೊ ಸುಮ್ಮನಿದ್ದ.

ಅಲಾಸ್ಕಾದ ತಣ್ಣನೆಯ ಕಡಲಿನಲ್ಲಿ ತಾನಾಗಿ ಬೆಳೆದ ಮೀನನ್ನು ಹಿಡಿದ ಕೂಡಲೇ ಮಂಜುಗಟ್ಟಿಸಿ ಹಡಗಿಗೆ ಹಾಕುತ್ತಿದ್ದರು. ಅದನ್ನು ಲೀಮಾದವರ ನಾಲಗೆಗೆ ಹತ್ತಿಸುವುದು ಅವನ ಕೆಲಸ. ಬೆಳಗ್ಗೆ ಈಜುತ್ತಿದ್ದ ಮೀನು ಮಧ್ಯಾಹ್ನ ತಟ್ಟೆಗೆ ಬರದಿದ್ದರೆ ಮುನಿಸಿಕೊಳ್ಳುವ ಊರದು. ಅಲ್ಲಿ ಸಂಜೆ ಸೆವಿಚೆ ತಿನ್ನುವವನನ್ನು ನೆರೆಹೊರೆಯವರು ಸಾಯುತ್ತಿರುವವನನ್ನು ನೋಡುವಂತೆ ನೋಡುತ್ತಾರೆ. ಇಂಥವರಿಗೆ ಹಡಗಿನ ಮೀನು ತಿನ್ನಿಸುವುದು ಪೋಪರಿಗೆ ಪ್ರಾರ್ಥನೆ ಹೇಳಿಕೊಟ್ಟಂತೆ. ಆದರೂ ಎವರಿಸ್ತೊ ಧೈರ್ಯಗೆಟ್ಟಿರಲಿಲ್ಲ. ಒಂದೇ ಒಂದು ತುತ್ತು ಅವರ ಬಾಯೊಳಗೆ ಹೋದರೆ ಸಾಕು, ಮುಂದಿನದನ್ನು ಮೀನೇ ನೋಡಿಕೊಳ್ಳುತ್ತದೆ ಎಂದು ಅವನು ನಂಬಿದ್ದ.

ಆ ತುತ್ತು ಮಾತ್ರ ಹೋಗುತ್ತಿರಲಿಲ್ಲ. ಸೊರಾಯ್ದಾಳ ಹಿಂಬಾಗಿಲಿಗೆ ಅವನು ಎಷ್ಟೋ ಸಲ ಹೋಗಿದ್ದ. ಅವಳು ಪ್ರತಿಸಲವೂ ಹುರಿದ ಜೋಳ ಒಂದು ಹಿಡಿ ಕೊಟ್ಟು, ಮನೆಯವರ ಆರೋಗ್ಯ ವಿಚಾರಿಸಿ, ಮೀನನ್ನು ಮಾತ್ರ ವಾಪಸು ಕಳಿಸಿದ್ದಳು.

“ಕಣ್ಣು ನೋಡ್ದೆ ನಾನು ಮೀನು ತಗೊಂಡವಳಲ್ಲ ಮರಿ,” ಎಂದಿದ್ದಳು ಒಮ್ಮೆ. “ನಿಂದಕ್ಕೆ ತಲೇನೇ ಇಲ್ಲ. ಮುಖ ತೋರಿಸ್ದೆ ಓಡಾಡೋರೆಲ್ಲ ಏನೋ ತಪ್ಪು ಮಾಡಿರ್ತಾರೆ.”

ಹೀಗಿರುವಾಗ ಒಂದು ಸಂಜೆ ಫೋನು ಬಂತು. ಮುಖ್ಯ ಕಚೇರಿಯ ಹಾಲ್ವರ್ಸನ್ ಸಾಹೇಬರು ಲೀಮಾಕ್ಕೆ ಬಂದಿಳಿದಿದ್ದಾರೆ, ಆ ಪ್ರಸಿದ್ಧ ಅಂಗಡಿಯಲ್ಲೇ ನಾಳೆ ಊಟ ಮಾಡುತ್ತಾರೆ, ಕಂಡದ್ದು ಹಿಡಿಸಿದರೆ ಎವರಿಸ್ತೊನ ಕೆಲಸ ಖಾಯಂ, ಇಲ್ಲದಿದ್ದರೆ ಲೀಮಾದ ಕಚೇರಿಗೆ ಬೀಗ. ಕಚೇರಿಯೆಂದರೆ ಒಂದು ಮೇಜು, ಒಂದು ಕುರ್ಚಿ, ಗೋಡೆಗೆ ಮೊಳೆ ಹೊಡೆದ ಪ್ಲಾಸ್ಟಿಕ್ ಮೀನು, ಮತ್ತು ಎವರಿಸ್ತೊ.

ಅವನು ಅಲಾಸ್ಕಾದಿಂದ ಬಂದಿದ್ದ ಒಂದು ದೊಡ್ಡ ಹ್ಯಾಲಿಬಟ್ ಮೀನನ್ನು ಗೋದಾಮಿನಿಂದ ತಂದು, ಮಂಜು ಕರಗಲೆಂದು ತನ್ನ ಕಟ್ಟಡದ ತಾರಸಿಯಲ್ಲಿದ್ದ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಮುಳುಗಿಸಿಟ್ಟು ಮಲಗಿದ. ಬೆಳಗ್ಗೆದ್ದು ಮೇಲೆ ಹೋದಾಗ ಕೆಳಮನೆಯ ಹೆರ್ಮೆಲಿಂದಾ ಹಾಸಿಗೆಯ ಹೊದಿಕೆಗಳನ್ನು ಎದೆಗವಚಿಕೊಂಡು ತೊಟ್ಟಿಯ ಮುಂದೆ ನಿಂತಿದ್ದಳು. ಮೇಲೆ ಕತ್ತೆಯ ಹೊಟ್ಟೆಯಂಥ ಬೂದು ಆಕಾಶ, ಕೆಳಗೆ ತಲೆಯಿಲ್ಲದ ಮೀನು. ಅವಳು ಎರಡನ್ನೂ ಒಂದೇ ಬಗೆಯ ಅಸಮಾಧಾನದಿಂದ ನೋಡುತ್ತಿದ್ದಳು.

“ಇದ್ರ ತಲೆ ಎಲ್ಲಿ?” ಎಂದು ಕೇಳಿದಳು.

“ಅಲಾಸ್ಕಾದಲ್ಲಿ.”

ಅವಳಿಗೆ ಎಲ್ಲವನ್ನೂ ಹೇಳದೆ ಬೇರೆ ದಾರಿಯಿರಲಿಲ್ಲ. ಹೇಳಿದ. ಹೆರ್ಮೆಲಿಂದಾ ಗೋಡೆಯಾಚೆಯ ಜಗಳಕ್ಕೂ ತೀರ್ಪು ಕೊಡದೆ ಊಟ ಮಾಡುವವಳಲ್ಲ. ಹೊದಿಕೆಗಳನ್ನು ಕೆಳಗಿಟ್ಟು, ಮೀನನ್ನು ಮಗುಚಿ ಹಾಕಿ, ಅದರ ಅಗಲವನ್ನು ಗೇಣಿನಿಂದ ಅಳೆದಳು. ಒಂದು ಮೈ ಕಪ್ಪು, ಇನ್ನೊಂದು ಬಿಳುಪು, ರೊಟ್ಟಿಯಂತೆ ಚಪ್ಪಟೆ. ಲೀಮಾದವರು ಪ್ರಾಣ ಬಿಡುವ ಲೆಂಗುವಾದೊ ಮೀನಿಗೂ ಇದಕ್ಕೂ ತಲೆಯೊಂದು ಬಿಟ್ಟರೆ ಮತ್ತೇನು ವ್ಯತ್ಯಾಸ ಎಂದಳು. ತನ್ನ ಅಕ್ಕನ ಮಗ ಕಾಸಿಮಿರೊಗೆ ದೋಣಿಯಿದೆ, ಸೊರಾಯ್ದಾ ದಿನಾ ಬೆಳಗ್ಗೆ ದಕ್ಕೆಗೆ ಹೋಗಿ ಅವನ ಹತ್ತಿರವೂ ಮೀನು ನೋಡುತ್ತಾಳೆ, ಉಳಿದದ್ದನ್ನು ಹುಡುಗ ನೋಡಿಕೊಳ್ಳುತ್ತಾನೆ ಎಂದಳು.

“ತಲೆ ಕೇಳಿದ್ರೆ?”

“ಕಡಲಸಿಂಹ ತಿಂತು ಅಂದ್ರಾಯ್ತು. ಬಲೇಲಿ ಸಿಕ್ಕಿದ್ರಲ್ಲಿ ಅರ್ಧ ಅವೇ ತಿನ್ನೋದು ಯಾರಿಗೆ ಗೊತ್ತಿಲ್ಲ? ನನ್ನ ಹೊದಿಕೆಗೆ ಮೀನಿನ ವಾಸನೆ ಹತ್ತಿದ್ರೆ ಮಾತ್ರ ನಿಮ್ಮನ್ನ ಬಿಡೋಳಲ್ಲ ನೆರೆಯವ್ರೇ.”

ಎವರಿಸ್ತೊನ ತಲೆಯಲ್ಲಿ ಯೋಜನೆ ಸರಸರನೆ ಬೆಳೆಯಿತು. ಸೊರಾಯ್ದಾ ನಮ್ಮೂರ ಮೀನೆಂದು ಬಡಿಸುತ್ತಾಳೆ, ಜನ ಚಪ್ಪರಿಸುತ್ತಾರೆ. ಸಾಹೇಬರಿಗೆ ಸ್ಪ್ಯಾನಿಷ್ ಬಾರದು, ಅವಳು ಏನೇ ಜಂಬ ಕೊಚ್ಚಿಕೊಂಡರೂ ಅನುವಾದ ಮಾಡುವವನು ತಾನೇ. ಒಂದೆರಡು ವಾರ ಕಳೆದ ಮೇಲೆ ಅವಳಿಗೂ ಮೆಲ್ಲಗೆ ನಿಜ ಹೇಳಿದರೆ, ನಾಲಗೆ ಒಪ್ಪಿದ್ದನ್ನು ಬಾಯಿ ಅಲ್ಲಗಳೆಯುವುದು ಹೇಗೆ?

ಕಾಸಿಮಿರೊ ಅಂದು ಕಡಲಿಗೇ ಇಳಿದಿರಲಿಲ್ಲ, ನಿದ್ದೆ ಹೆಚ್ಚಾಗಿತ್ತು. ಆದರೆ ಚಿಕ್ಕಮ್ಮ ಹೇಳಿದ ಮೇಲೆ ಮುಗಿಯಿತು. ಎವರಿಸ್ತೊ ದಕ್ಕೆಗೆ ಹೊತ್ತು ತಂದ ಮೀನಿನ ಮೇಲೆ ಉಪ್ಪುನೀರು ಸುರಿದು, ಪಾಚಿ ಹೊದಿಸಿ, ಕುತ್ತಿಗೆಯ ಜಾಗವನ್ನು ಚಾಕುವಿನಿಂದ ಅಷ್ಟಿಷ್ಟು ಹರಿದು ಕಚ್ಚಿದಂತೆ ಮಾಡಿದ. ಅಷ್ಟರಲ್ಲಿ ಒಂದು ಪೆಲಿಕನ್ ಹಕ್ಕಿ ಬಾಲ ಕಚ್ಚಿ ಎಳೆಯಿತು. ಅದನ್ನು ಓಡಿಸಲು ಹೋದ ಎವರಿಸ್ತೊ ಜಾರಿ, ಮೀನಿನ ಕರುಳು ತುಂಬಿದ್ದ ಬುಟ್ಟಿಯಲ್ಲಿ ಕುಳಿತ. ಸೊರಾಯ್ದಾ ಬರುವುದು ಕಂಡಿತು. ಎದ್ದವನೇ ಮಗುಚಿ ಹಾಕಿದ್ದ ದೋಣಿಯ ಹಿಂದೆ ಅವಿತ.

ಸೊರಾಯ್ದಾ ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಮೂಸಿದಳು, ತಲೆ ಕೇಳಿದಳು. ಕಾಸಿಮಿರೊ ಕಡಲಸಿಂಹದ ಕತೆ ತೆಗೆದ. ಮೊದಲು ಅದು ಮರಿಯಾಗಿತ್ತು. ಅಲ್ಲಿದ್ದವರು ಹತ್ತಿರ ಸರಿದಂತೆ ಗಂಡಾಯಿತು, ಆಮೇಲೆ ಹಿಂಡಿನ ಯಜಮಾನನಾಯಿತು. ಕೊನೆಗೆ ಅದು ತಲೆಯ ಕಡೆಯಿಂದ, ಇವನು ಬಾಲದ ಕಡೆಯಿಂದ ಹಿಡಿದು ಸೂರ್ಯ ಹುಟ್ಟುವವರೆಗೆ ಜಗ್ಗಾಡಿದ್ದರು. ಸೊರಾಯ್ದಾ ಬೇರೆ ದಿನವಾಗಿದ್ದರೆ ಹೀಗೆ ನಂಬುತ್ತಿದ್ದಳೋ ಇಲ್ಲವೋ, ಆದರೆ ಅವಳ ಹೆಬ್ಬೆರಳಿಗೆ ಆ ಮಾಂಸ ಹಿಡಿಸಿಬಿಟ್ಟಿತ್ತು. ಕೊಂಡಳು. ದೋಣಿಯ ಹಿಂದೆ ಎವರಿಸ್ತೊ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಕಡಲಸಿಂಹ ಬಿಟ್ಟ ಮೀನಿನ ಸುದ್ದಿ ಇಡೀ ದಂಡೆಗೆ ಹಬ್ಬಿ, ಅಂಗಡಿಯ ಮುಂದೆ ಫೋಟೊದಲ್ಲಿದ್ದದ್ದಕ್ಕಿಂತ ಉದ್ದದ ಸಾಲು ಬೆಳೆದಿತ್ತು. ಮೊದಲ ಮೇಜಿನಲ್ಲಿ ಹೆರ್ಮೆಲಿಂದಾ, ಅವಳ ಜೊತೆ ಕಟ್ಟಡದ ಅರ್ಧ ಜನ. ಕಾಸಿಮಿರೊ ಮೇಜಿನಿಂದ ಮೇಜಿಗೆ ಹೋಗಿ ಕೈಯ ಮೇಲಿನ ಹಳೇ ಗಾಯವನ್ನು ತೋರಿಸುತ್ತಿದ್ದ. ನಿಂಬೆರಸದಲ್ಲಿ ಬೆಳ್ಳಗಾದ ಮೀನಿನ ತುಂಡು, ಈರುಳ್ಳಿ, ಮೆಣಸಿನಕಾಯಿ, ಗೆಣಸು ತುಂಬಿದ ತಟ್ಟೆಗಳು ಬಂದವು. ಜನ ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದರು. ಎವರಿಸ್ತೊನಿಗೆ ತಾನು ಒಂದು ಗೇಣು ಎತ್ತರವಾದಂತೆನಿಸಿತು.

ಆಗ ಹಾಲ್ವರ್ಸನ್ ಸಾಹೇಬರು ಒಳಗೆ ಬಂದರು. ಯಾರೋ ದೀಪಸ್ತಂಭಕ್ಕೆ ಕೋಟು ತೊಡಿಸಿ ಕಳಿಸಿದಂತಿದ್ದರು. ಎವರಿಸ್ತೊ ತೋರಿಸಿದ ಕುರ್ಚಿಯಲ್ಲಿ ಮಡಚಿಕೊಂಡು ಕುಳಿತರು, ಒಂದು ತುಂಡು ತಿಂದರು, ಇನ್ನೊಂದು ತಿಂದರು, ತಟ್ಟೆಯನ್ನೇ ಎತ್ತಿ ರಸ ಕುಡಿದರು. ಬಳಿಕ ಸೊರಾಯ್ದಾಳತ್ತ ತಿರುಗಿ, ಅಲಾಸ್ಕಾದ ಉದ್ದನೆಯ ಚಳಿಗಾಲಗಳಲ್ಲಿ ಪಾಠಪುಸ್ತಕ ಓದಿ ಕಲಿತಿದ್ದ ಸ್ಪ್ಯಾನಿಷ್‌ನಲ್ಲಿ ಬಾಯಿ ತೆರೆದರು.

“ಪೂಜ್ಯ ಮಾತೆಯೇ, ಈ ಉತ್ತಮವಾದ ಮತ್ಸ್ಯವು ಎಲ್ಲಿಂದ ಆಗಮಿಸಿತು?”

ಎವರಿಸ್ತೊನ ಗಂಟಲಿನಲ್ಲಿ ಗೆಣಸು ಸಿಕ್ಕಿಕೊಂಡಿತು.

“ಎಲ್ಲಿಂದ ಅಂದ್ರೆ? ಅಲ್ಲಿಂದ,” ಎಂದು ಸೊರಾಯ್ದಾ ಕಿಟಕಿಯಾಚೆಯ ಕಡಲನ್ನು ತೋರಿಸಿದಳು. “ಇವತ್ತು ಬೆಳಗ್ಗೆದು. ನೋಡಿ, ಅಲ್ಲಿ ನಿಂತಿದಾನಲ್ಲ, ಅವನು ಹಿಡಿದದ್ದು.”

ಹಾಗಾದರೆ ಅಲಾಸ್ಕಾದ ಮೀನು ಎಲ್ಲಿದೆ ಎಂದು ಸಾಹೇಬರು ಕೇಳಿದರು. ಸೊರಾಯ್ದಾ ನಕ್ಕಳು. ಈ ಹುಡುಗ ಪಾಪ ತಿಂಗಳುಗಟ್ಟಲೆಯಿಂದ ಚೀಲ ಹೊತ್ತು ಹಿಂಬಾಗಿಲಿಗೆ ಬರುತ್ತಾನೆ, ಒಳ್ಳೆಯ ಮನೆತನದವನು, ಆದರೆ ಅವನ ಮೀನು ಇದುವರೆಗೆ ತನ್ನ ಹೊಸ್ತಿಲು ದಾಟಿಲ್ಲ ಎಂದು ಹೇಳಿದಳು. ಸಾಹೇಬರ ನೀಲಿ ಕಣ್ಣುಗಳು ನಿಧಾನವಾಗಿ ಎವರಿಸ್ತೊನತ್ತ ತಿರುಗಿದವು.

ಇನ್ನು ನಿಜವೊಂದೇ ಕಾಪಾಡಬೇಕಿತ್ತು. ಎವರಿಸ್ತೊ ಎದ್ದು ನಿಂತ. ನೀವೆಲ್ಲ ತಿಂದಿದ್ದು ಅಲಾಸ್ಕಾದ ಹ್ಯಾಲಿಬಟ್, ಅದು ಬಂದಿದ್ದು ಹಡಗಿನಲ್ಲಿ, ಕರಗಿದ್ದು ನನ್ನ ತಾರಸಿಯಲ್ಲಿ ಎಂದು ಗಟ್ಟಿಯಾಗಿ ಹೇಳಿದ. ದೊನ್ಯಾ, ಇಷ್ಟು ದಿನ ನೀವು ಬೇಡವೆಂದದ್ದು ಇದನ್ನೇ. ಸಾಹೇಬರೇ, ನೀವು ನೋಡಬೇಕೆಂದು ಬಂದದ್ದೂ ಇದನ್ನೇ.

ಅಂಗಡಿಗೆ ಅಂಗಡಿಯೇ ನಕ್ಕಿತು. ಸೊರಾಯ್ದಾ ಸೆರಗಿನಂತೆ ಹೊದ್ದಿದ್ದ ಅಡುಗೆಬಟ್ಟೆಯಿಂದ ಕಣ್ಣೊರೆಸಿಕೊಂಡಳು.

“ಕೆಲಸ ಉಳಿಸ್ಕೊಳ್ಳೋಕೆ ಏನಾದ್ರೂ ಹೇಳು ಮರಿ, ಬೇಡ ಅನ್ನಲ್ಲ. ಆದ್ರೆ ಈ ಬೆರಳಿಗೆ ಸುಳ್ಳು ಹೇಳ್ಬೇಡ,” ಎಂದು ಹೆಬ್ಬೆರಳನ್ನು ಅವನ ಮೂಗಿನ ಮುಂದೆ ಹಿಡಿದಳು.

ಅವನು ಕಾಸಿಮಿರೊನನ್ನು ನೋಡಿದ. ಬೆಳಗ್ಗೆಯಿಂದ ಹೇಳಿ ಹೇಳಿ ಕಾಸಿಮಿರೊಗೆ ಈಗ ಆ ಕತೆ ಪೂರ್ತಿಯಾಗಿ ನೆನಪಿತ್ತು. “ನನ್ನ ಕೈ ನೋವು ನನಗ್ಗೊತ್ತು ಮಾರಾಯ,” ಎಂದು ಬೇಸರದಿಂದ ಮುಖ ತಿರುಗಿಸಿದ. ಎವರಿಸ್ತೊ ಹೆರ್ಮೆಲಿಂದಾಳನ್ನು ನೋಡಿದ. ಅಕ್ಕನ ಮಗನಿಗೆ ಸುಳ್ಳುಗಾರನೆಂಬ ಹೆಸರು ಬರುವುದನ್ನು ಯಾವ ಚಿಕ್ಕಮ್ಮ ಸಹಿಸುತ್ತಾಳೆ? ತನ್ನ ತೊಟ್ಟಿಯಲ್ಲಿ ಹೊದಿಕೆ ಬಿಟ್ಟು ಬೇರೇನನ್ನೂ ತಾನು ಕಂಡಿಲ್ಲ ಎಂದು ಹೇಳಿ ಅವಳು ಮತ್ತೊಂದು ತಟ್ಟೆಗೆ ಕೈ ಸನ್ನೆ ಮಾಡಿದಳು.

ಕೊನೆಯ ಆಸೆ ಸಾಹೇಬರು. ಹಾಲ್ವರ್ಸನ್ ಎದ್ದು ಅವನ ಹೆಗಲ ಮೇಲೆ ಕೈಯಿಟ್ಟರು.

“ನಾನು ಬೆಸ್ತನ ಪುತ್ರನು, ಬೆಸ್ತನ ಪೌತ್ರನು. ಹುಟ್ಟಿದಂದಿನಿಂದ ನಮ್ಮ ಹ್ಯಾಲಿಬಟ್ಟನ್ನೇ ಭುಜಿಸಿದ್ದೇನೆ. ಅದಕ್ಕೆ ಈ ರುಚಿಯು ಎಂದಿಗೂ ಇಲ್ಲ. ದಯಮಾಡಿ ನನಗೆ ಕಲಿಸಬೇಡಿರಿ.”

ಕೆಲಸ ಹೋಯಿತೆಂದು ಎವರಿಸ್ತೊ ತಲೆ ತಗ್ಗಿಸಿದ. ಸಾಹೇಬರು ಮಾತ್ರ ಅವನ ಮೇಲೆ ಕೋಪಗೊಂಡಿರಲಿಲ್ಲ. ಇಂಥ ಕಡಲಿರುವ ಜನರಿಗೆ ಮೀನು ಮಾರಲು ಹೊರಟದ್ದು ಕಂಪನಿಯ ಮೂರ್ಖತನ, ಅವನದ್ದಲ್ಲ ಎಂದರು. ಇನ್ನು ಮುಂದೆ ವ್ಯಾಪಾರ ತಿರುವುಮುರುವು. ಈ ಚೊರಿಯೋಸ್ ಲೆಂಗುವಾದೊ ಪ್ರತಿವಾರ ಅಲಾಸ್ಕಾಕ್ಕೆ ಹೋಗಬೇಕು, ಅಲ್ಲಿಯವರೂ ಒಮ್ಮೆ ಒಳ್ಳೆಯ ಮೀನು ತಿನ್ನಲಿ. ಹಿಡಿಯುವವನು ಕಾಸಿಮಿರೊ, ಕೊಂಡು ಕಳಿಸುವ ಜವಾಬ್ದಾರಿ ಎವರಿಸ್ತೊನದು, ಕೆಲಸ ಖಾಯಂ. ರುಚಿ ಒಂದು ಕೂದಲೆಳೆಯಷ್ಟು ಬದಲಾದರೂ ತಮ್ಮ ನಾಲಗೆಗೆ ಗೊತ್ತಾಗುತ್ತದೆ ಎಂದು ಎಚ್ಚರಿಸಿದರು. ಕಾಸಿಮಿರೊ ಅಲ್ಲೇ ಕೈಕುಲುಕಿ ಒಪ್ಪಿಕೊಂಡ. ಅಂಗಡಿಯವರೆಲ್ಲ ಚಪ್ಪಾಳೆ ತಟ್ಟಿದರು. ಎವರಿಸ್ತೊ ಇನ್ನೊಮ್ಮೆ ನಿಜ ಹೇಳಲು ಬಾಯಿ ತೆರೆದ, ಸುತ್ತಲಿನ ಮುಖಗಳನ್ನು ನೋಡಿದ, ಮುಚ್ಚಿದ.

ಅಂದು ಸಂಜೆಯೇ ಅವನು ಕಯಾವೊ ಬಂದರಿನ ಶೀತಲ ಗೋದಾಮಿಗೆ ಹೋಗಿ, ಸಂಬಳದ ಹಣ ಎಣಿಸಿಟ್ಟು, ಹ್ಯಾಲಿಬಟ್ ತುಂಬಿದ ಪೆಟ್ಟಿಗೆಯೊಂದನ್ನು ತೆಗೆಸಿದ. ಬಂದ ಪೆಟ್ಟಿಗೆಗಳು ಬಂದಂತೆಯೇ ಕೂತಿರುವುದನ್ನು ಇಷ್ಟು ದಿನ ಕಂಡಿದ್ದ ಗೋದಾಮಿನವನಿಗೆ ಸಂತೋಷವೇ ಆಯಿತು.

“ಅಂತೂ ಗಿರಾಕಿ ಸಿಕ್ಕಿದ್ರಾ ಸೆನ್ಯೊರ್?”

“ಸಿಕ್ಕಿದ,” ಎಂದ ಎವರಿಸ್ತೊ, ಪೆಟ್ಟಿಗೆಯನ್ನು ತನ್ನ ಹೆಗಲಿಗೇ ಏರಿಸಿಕೊಳ್ಳುತ್ತ. “ಪ್ರತಿವಾರ ಬರ್ತಾನೆ.”