ಶಂಕ್ರಪ್ಪನ ಗಾಡಿಗೆ ದಾರಿ ಬಿಟ್ಟವರು

ಹುಟ್ಟಿದಾಗಿನಿಂದ ಶಂಕ್ರಪ್ಪನ ಕಿವಿಗೆ ಹೆಚ್ಚು ಸಲ ಬಿದ್ದ ಶಬ್ದ ಅವನ ಹೆಸರಲ್ಲ, ಬೇಗ ಎಂದು ಅವಸರಿಸುವ 'ಲಗೂ'. ಲಗೂ ಉಣ್ಣು, ಲಗೂ ನಡಿ, ಲಗೂ ಬಾ. ಅವನು ಹುಟ್ಟುವುದನ್ನು ಕಾದೂ ಕಾದೂ ಬೇಸತ್ತ ಸೂಲಗಿತ್ತಿ ಮನೆಗೆ ಹೋಗಿ ರೊಟ್ಟಿ ಬಡಿದಿಟ್ಟು ಬಂದಿದ್ದಳಂತೆ. ಲಗ್ನದ ದಿನ ಅಕ್ಷತೆ ಹಂಚಿ ಮುಗಿದಿತ್ತು, ವರ ಇನ್ನೂ ಪೇಟಾ ಸುತ್ತಿಕೊಳ್ಳುತ್ತಿದ್ದ. ಇಂಥವನಿಗೆ ದಾಂಡೇಲಿಯ ಕಾಗದದ ಗಿರಣಿಯಲ್ಲಿ ಸಿಕ್ಕ ನೌಕರಿ ಯಾವುದೆಂದರೆ, ಟೈಮ್ ಆಫೀಸಿನ ಗುಮಾಸ್ತಿಕೆ. ಯಾರು ಯಾರು ತಡವಾಗಿ ಬಂದರೆಂದು ಗುರುತು ಹಾಕುವ ಕೆಲಸ. (ದೇವರಿಗೂ ಹೊತ್ತು ಹೋಗಬೇಕಲ್ಲ.) ಕೆಲಸ ಶುರುವೆಂದು ಗಿರಣಿಯ ಭೋಂಗಾ ಕೂಗಿದ ಮೇಲೆ ಗೇಟಿನೊಳಗೆ ಏದುಸಿರು ಬಿಡುತ್ತಾ ನುಗ್ಗುವ ಗುಮಾಸ್ತನನ್ನು ಕಂಡು ತಡವಾಗಿ ಬಂದ ಕೂಲಿಗಳೇ ಅಯ್ಯೋ ಪಾಪ ಎನ್ನುತ್ತಿದ್ದರು.

ಶಂಕ್ರಪ್ಪನಿಗೆ ಈ ಜನ್ಮದಲ್ಲಿ ಒಂದೇ ಒಂದು ಆಸೆ ಉಳಿದಿತ್ತು. ಯಾರನ್ನಾದರೂ, ಯಾವುದನ್ನಾದರೂ, ಒಮ್ಮೆ ಹಿಂದೆ ಹಾಕಬೇಕು.

ಎಂಬತ್ತೊಂಬತ್ತನೆಯ ಇಸವಿಯಲ್ಲಿ ಗಿರಣಿಯ ಇಂಜಿನಿಯರರೊಬ್ಬರು ವರ್ಗವಾಗಿ ಹೊರಟು, ತಮ್ಮ ಹಳೇ ಮಾರುತಿ ಕಾರನ್ನು ಮಾರಿದರು. ಹಿಂದೆ ಮೇಲಕ್ಕೆ ಎತ್ತುವ ಬಾಗಿಲಿದ್ದ ಆ ಮೊಟಕು ಕಾರನ್ನು ಶಂಕ್ರಪ್ಪ ಕೊಂಡುಕೊಂಡ. ಮೊದಲ ದಿನವೇ ಹೆಂಡತಿ ಸಕ್ಕುಬಾಯಿಯನ್ನು ಕೂಡಿಸಿಕೊಂಡು ಹಳಿಯಾಳಕ್ಕೆ ಹೋಗಿ ಬಂದ. ಹೋಗುವಾಗ ಚಿಂತೆಯಿರಲಿಲ್ಲ. ಬರುವಾಗ ಗಿರಣಿಗೆ ಬಿದಿರು ಹೇರಿಕೊಂಡು ತೇಕುತ್ತಾ ಹೊರಟಿದ್ದ ಲಾರಿಯೊಂದು ಮುಂದೆ ಸಿಕ್ಕಿತು. ಹಿಂದೆ ಮಾರುದ್ದ ಚಾಚಿದ ಬಿದಿರಿನ ತುದಿಗೆ ಕಟ್ಟಿದ್ದ ಕೆಂಪು ಬಟ್ಟೆಯನ್ನು ನೋಡುತ್ತಲೇ ದಾಂಡೇಲಿ ಮುಟ್ಟಿದರು. ದಾರಿಯಲ್ಲಿ ಹಾಲಿನವನ ಸೈಕಲ್ಲು ಎರಡನ್ನೂ ದಾಟಿ ಹೋಯಿತು.

"ಹಾಲಿನಾಂವ ನಮಗ ಕೈ ಮಾಡಿ ಹೋದ, ನೋಡಿದ್ರೇನ್ರಿ?" ಎಂದಳು ಸಕ್ಕುಬಾಯಿ.

ಆ ರಾತ್ರಿ ಶಂಕ್ರಪ್ಪ ಉಣ್ಣಲಿಲ್ಲ.

ಮರುದಿನ ಕಾರು ಇಸ್ಮಾಯಿಲ್‌ನ ಗ್ಯಾರೇಜು ಸೇರಿತು. ಹಳಿಯಾಳ ರಸ್ತೆಯ ಬದಿಗಿದ್ದ ಆ ತಗಡಿನ ಚಪ್ಪರದಲ್ಲಿ ಇಸ್ಮಾಯಿಲ್ ಬಿದಿರು ಲಾರಿಗಳನ್ನು ರಿಪೇರಿ ಮಾಡುತ್ತಾ ಬಂದವನು. ಕಾರಿನ ಮೈ ಮುಟ್ಟುವ ಯೋಗ ಅವನಿಗೂ ಹೊಸದು, ಹಾಗಾಗಿ ಉತ್ಸಾಹ ವಿಪರೀತ.

"ಶಂಕ್ರಣ್ಣ, ತುಂಬಿದ ಲಾರಿ ಹೆಂಗ ಹೋಗ್ತೈತಿ? ತೆವಳತೈತಿ. ಖಾಲಿ ಲಾರಿ? ಹಾರತೈತಿ. ಅಂದಮ್ಯಾಗ ನಿನ್ ಗಾಡೀದೂ ಲೋಡ್ ಇಳಿಸಿಬಿಡೂಣು."

"ಇದರಾಗ ಲೋಡ್ ಎಲ್ಲೈತೋ ಮಾರಾಯಾ?"

"ಸೀಟು ಲೋಡಲ್ಲೇನು?"

ಹಿಂದಿನ ಸೀಟು ಹೋಯಿತು. ಹೆಚ್ಚಿನ ಗಾಲಿ ಹೋಯಿತು. ಬಾಗಿಲಿನ ಗಾಜುಗಳು ಭಾರವೆಂದು ಅವೂ ಹೋದವು. ನೆಲಕ್ಕೆ ಹತ್ತಿರವಾದಷ್ಟೂ ಓಟ ಹೆಚ್ಚು ಎಂದು ಸ್ಪ್ರಿಂಗುಗಳನ್ನು ಕತ್ತರಿಸಿದ್ದಾಯಿತು. ಇಂಜಿನ್ನಿನ ಉಸಿರು ಕಟ್ಟಬಾರದೆಂದು ಸೈಲೆನ್ಸರ್ ಬಿಚ್ಚಿ ನೆಟ್ಟಗೊಂದು ಕೊಳವೆ ಹಾಕಿದ್ದಾಯಿತು. ಪೆಟ್ರೋಲು ಧಾರಾಳ ಹರಿಯಲೆಂದು ಕಾರ್ಬೊರೇಟರಿನ ತೂತನ್ನೂ ದೊಡ್ಡದು ಮಾಡಿದ. ಕಾರು ಶುರುವಾದಾಗ ಎದುರಿನ ಚಹಾದಂಗಡಿಯ ಕಪ್ಪು ಬಶಿಗಳು ಗಡಗಡ ನಡುಗಿದವು. ಶಂಕ್ರಪ್ಪನ ಕಣ್ಣಲ್ಲಿ ನೀರು ಬಂತು. (ಹೊಗೆಗೂ ಇರಬಹುದು.) ಬಿಚ್ಚಿದ ಸೀಟನ್ನು ಇಸ್ಮಾಯಿಲ್ ಗಿರಾಕಿಗಳು ಕೂರಲೆಂದು ಗ್ಯಾರೇಜಿನ ಮುಂದೆ ಹಾಕಿಕೊಂಡ.

ಅಷ್ಟರಲ್ಲಿ ದಾಂಡೇಲಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಣ್ಣಿನ ಶಿಬಿರ ಬಂತು. ಸಕ್ಕುಬಾಯಿಯ ತಾಯಿ ಗೋದುಬಾಯಿ ಇದ್ದದ್ದು ಮುಂಡಗೋಡದ ಕಡೆ, ಚಿಗಳ್ಳಿಯಲ್ಲಿ. ಎರಡೂ ಕಣ್ಣಿಗೆ ಪೊರೆ ಬಂದು ಮಗಳನ್ನು ಧ್ವನಿಯಿಂದ ಗುರುತು ಹಿಡಿಯುವ ಹಾಗಾಗಿತ್ತು. ಹಿಂದಿನ ವರ್ಷ ಬಸ್ಸು ಕೆಟ್ಟು ನಿಂತು, ಇವರು ಮುಟ್ಟುವಷ್ಟರಲ್ಲಿ ಡಾಕ್ಟರು ಹೊರಟುಹೋಗಿದ್ದರು. ಮುದುಕಿ ಒಂದಿಡೀ ವರ್ಷ ಕತ್ತಲೆಯಲ್ಲಿ ಕೂತಿದ್ದಳು.

"ಈ ಸಲ ನಮ್ಮವ್ವಗ ಕಣ್ಣ ಬರಲಿಲ್ಲಂದ್ರ, ನಾ ಹೊಳ್ಳಿ ನಿಮ್ಮ ಮನೀಗೆ ಬರೂದಿಲ್ಲ ನೋಡ್ರಿ," ಎಂದಳು ಸಕ್ಕುಬಾಯಿ. ಅವಳು ಸುಮ್ಮನೆ ಹೇಳುವ ಪೈಕಿಯಲ್ಲ.

"ಬಸ್ಸಿನ ಮಾತ್ಯಾಕ? ನನ್ ಗಾಡಿ ಐತಲ್ಲ. ಹನ್ನೆರಡಕ್ಕ ಹೆಸರು ಬರ್ಕೊಳ್ಳೂದು ಮುಗೀತೈತೇನು? ನಾ ಹತ್ತಕ್ಕ ಮುಟ್ಟಸ್ತೇನಿ," ಎಂದ ಶಂಕ್ರಪ್ಪ.

ಸಕ್ಕುಬಾಯಿ ಹಿಂದಿನ ವಾರವೇ ಬಸ್ಸಿನಲ್ಲಿ ತವರಿಗೆ ಹೋದಳು. ಶಿಬಿರದ ಹಿಂದಿನ ದಿನ ಶಂಕ್ರಪ್ಪ ಗುಡುಗಿನೊಂದಿಗೆ ಚಿಗಳ್ಳಿ ಪ್ರವೇಶ ಮಾಡಿದ. ಊರಿನ ನಾಯಿಗಳೆಲ್ಲ ಗದ್ದೆಗೆ ಬಿದ್ದವು. ಸಕ್ಕುಬಾಯಿ ಕಾರನ್ನು ಒಂದು ಸುತ್ತು ಹಾಕಿ, ಒಳಗೆ ಇಣುಕಿದಳು.

"ಸೀಟೆಲ್ಲಿ?"

"ತಗಸೇನಿ. ಓಟ ಬರ್ಲಿ ಅಂತ."

"ನಮ್ಮವ್ವ ಎಲ್ಲಿ ಕುಂದರಬೇಕ್ರಿ, ನಿಮ್ಮ ತಲೀ ಮ್ಯಾಲ?"

ಬಾಗಿಲೊಳಗಿಂದ ಗೋದುಬಾಯಿ, "ಇರ್ಲಿ ಬಿಡ ಸಕ್ಕೂ, ಅಳಿಯಂದ್ರ ಗಾಡ್ಯಾಗ ನೆಲದ ಮ್ಯಾಲ ಕುಂತ್ರೂ ಕುಂತಂಗ," ಎಂದಳು. ಮುದುಕಿಗೆ ಅಳಿಯನೆಂದರೆ ಪ್ರಾಣ. ಕಣ್ಣು ಕಾಣದ್ದರಿಂದ ಹಾಗೆ ಎಂಬುದು ಮಗಳ ಅಭಿಪ್ರಾಯ.

ಮರುದಿನ ನಸುಕಿನಲ್ಲಿ ಹೊರಡಬೇಕಾಗಿದ್ದ ಕಾರು ಬಿಸಿಲು ಮೇಲೇರಿದರೂ ಶುರುವಾಗಲಿಲ್ಲ. ಧಾರಾಳವಾಗಿ ಪೆಟ್ರೋಲು ಕುಡಿದು ಇಂಜಿನ್ನಿಗೆ ಮೂಗು ಕಟ್ಟಿದಂತಾಗಿತ್ತು. ಊರ ಗಂಡಸರೆಲ್ಲ ನೂಕಿದ ಮೇಲೆ ಒಮ್ಮೆಲೇ ಅಬ್ಬರಿಸಿತು. ನೆಲದ ಮೇಲೆ ಕಂಬಳಿ ಹಾಸಿ ಗೋದುಬಾಯಿಯನ್ನು ಕೂಡಿಸಿದರು. ಊರ ದಾರಿಯ ಮೊದಲ ತಗ್ಗಿಗೇ, ಸ್ಪ್ರಿಂಗಿಲ್ಲದ ಗಾಡಿ ಆಕೆಯನ್ನು ಎತ್ತಿ ಚಾವಣಿಗೆ ಬಡಿಯಿತು. "ಕೂಡಾಕ ಆಗವಲ್ತೋ ಯಪ್ಪಾ," ಎಂದಳು ಮುದುಕಿ. ಸರಿ, ಮಲಗಿಸಿದರು. ಆಕೆ ಎತ್ತರದ ಹೆಂಗಸು. ಹಿಂದಿನ ಬಾಗಿಲು ಮುಚ್ಚಲಿಲ್ಲ. ಬಾಗಿಲನ್ನು ಅರ್ಧಕ್ಕೆತ್ತಿ ಹಗ್ಗದಿಂದ ಕಟ್ಟಿ, ಕಾಲು ಹೊರಗೆ ಬಿಟ್ಟರು. ಧೂಳು, ಹೊಗೆ ತಾಗಬಾರದೆಂದು ಸಕ್ಕುಬಾಯಿ ತಾಯಿಯ ತಲೆಯಿಂದ ಹಿಮ್ಮಡಿಯವರೆಗೆ ಬಿಳಿ ಧೋತರ ಹೊದಿಸಿದಳು.

ಇಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಗಾಡಿಯಿಂದ ಏನು ಹೊರಗೆ ಚಾಚಿದ್ದರೂ ತುದಿಗೆ ಕೆಂಪು ಬಟ್ಟೆ ಕಟ್ಟಬೇಕೆಂಬ ಕಾಯದೆ ಬಿದಿರಿನ ಊರಿನವನ ರಕ್ತದಲ್ಲೇ ಇತ್ತು. ಶಂಕ್ರಪ್ಪ ಕಿಸೆಯಿಂದ ಕೆಂಪು ಕರವಸ್ತ್ರ ತೆಗೆದ. ಒಂದೇ ಬೆರಳಿಗೆ ಕಟ್ಟಿದರೆ ಹಾರಿ ಹೋದೀತೆಂದು ಅತ್ತೆಯ ಕಾಲಿನ ಎರಡೂ ಹೆಬ್ಬೆರಳು ಜೋಡಿಸಿ ಬಿಗಿದ.

"ನಮ್ಮವ್ವ ಏನ್ ಬಿದಿರೇನ್ರಿ? ಹೆಬ್ಬೆಟ್ಟ ಜೋಡಿಸಿ ಯಾವಾಗ ಕಟ್ತಾರ, ಖಬರ ಐತೇನ್ ನಿಮಗ?" ಎಂದು ಸಕ್ಕುಬಾಯಿ ಚೀರಿದಳು. ಇಂಜಿನ್ನಿನ ಆರ್ಭಟದಲ್ಲಿ ಅದು ಯಾರಿಗೂ ಕೇಳಲಿಲ್ಲ. ಕಾರು ಹೊರಟಿತು.

ಕಲಘಟಗಿ ದಾಟುವಾಗ ಹೊತ್ತು ಬಹಳವಾಗಿತ್ತು. ಗಾಜಿಲ್ಲದ ಕಿಟಕಿಯಿಂದ ಗಾಳಿ ನುಗ್ಗಿ ಸಕ್ಕುಬಾಯಿಯ ತುರುಬು ಬಿಚ್ಚಿ ಕೂದಲು ಹರಡಿತ್ತು. ಹೊಗೆಗೆ ಕಣ್ಣು ಧಾರಾಕಾರ ಸುರಿಯುತ್ತಿದ್ದವು. ತಾಯಿಗೆ ಈ ವರ್ಷವೂ ಕಣ್ಣು ಬಾರದೆಂಬ ಸಂಕಟಕ್ಕೆ, ಇಂಥ ಗಂಡ ಗಂಟು ಬಿದ್ದ ಸಂಕಟಕ್ಕೆ, ಆಕೆ ಹಣೆ ಹಣೆ ಬಡಿದುಕೊಳ್ಳುತ್ತಾ "ಯವ್ವಾ, ನನ್ನ ಯವ್ವಾ" ಎಂದು ನಿಜವಾಗಿಯೂ ಅಳತೊಡಗಿದಳು. ಮುಂದೆ, ಬಿದಿರು ಲಾರಿ. ಅದರ ಮುಂದೆ ಮತ್ತೊಂದು.

ಬಿದಿರಿನ ರಾಶಿಯ ಮೇಲೆ ಮಲಗಿದ್ದ ಕ್ಲೀನರ್ ಸಪ್ಪಳಕ್ಕೆ ಎದ್ದು ಕೂತ. ಮೇಲಿಂದ ಕಾರಿನೊಳಗೆ ನೋಡಿದ. ಕೂದಲು ಬಿಚ್ಚಿಕೊಂಡು ಹಣೆ ಬಡಿದುಕೊಳ್ಳುವ ಹೆಂಗಸು, ಅವಳ ಹಿಂದೆ ಬಿಳಿ ಧೋತರ. ಅವನು ತಲೆಯ ರುಮಾಲು ತೆಗೆದು ಕ್ಯಾಬಿನ್ನನ್ನು ದಬದಬ ಬಡಿದ. ಲಾರಿ ತೇಕುವುದನ್ನು ನಿಲ್ಲಿಸಿ ಪಕ್ಕಕ್ಕೆ ಸರಿದು ನಿಂತಿತು. ಅದರ ಮುಂದಿನದೂ ಸರಿಯಿತು.

ಶಂಕ್ರಪ್ಪ ದಾಟಿದ! ನಲವತ್ತು ದಾಟಿದ ಮೇಲೆ ಜೀವನದಲ್ಲಿ ಮೊದಲ ಸಲ ಒಂದನ್ನಲ್ಲ, ಎರಡನ್ನು ಹಿಂದೆ ಹಾಕಿದ. "ನೋಡ್ದೇನ ಸಕ್ಕೂ, ಇಂಜಿನ್ನಿನ ದನಿಗೇ ಹೆದರಿ ಸರೀತಾವ!" ಎಂದು ಕೂಗಿದ. ಅದೂ ಕೇಳಲಿಲ್ಲ. ಎದುರಿನಿಂದ ಬಂದ ಬಸ್ಸು ನಿಂತು ದಾರಿ ಕೊಟ್ಟಿತು. ಎತ್ತಿನ ಬಂಡಿಗಳು ಗಟಾರಕ್ಕಿಳಿದವು. ಹಳಿಯಾಳದ ಪೇಟೆಯಲ್ಲಿ ಅಂಗಡಿಕಾರರು ಬಾಗಿಲು ಅರ್ಧ ಎಳೆದುಕೊಂಡರು. ಪೊಲೀಸನೊಬ್ಬ ಮಿಕ್ಕ ಗಾಡಿಗಳನ್ನು ತಡೆದು ಟೋಪಿ ತೆಗೆದ. ಶಂಕ್ರಪ್ಪ ಬಾಯಿ ತುಂಬ ನಕ್ಕು ಅವನಿಗೆ ಸಲಾಮು ಹೊಡೆದ. (ಪಕ್ಕದಲ್ಲಿ ನಿಂತಿದ್ದವನೊಬ್ಬ "ಹೆಣಾ ಒಯ್ಯಾಂವ ನಗಾಕತ್ತಾನಲ್ಲೋ" ಎಂದನಂತೆ. ಇನ್ನೊಬ್ಬ "ಅತ್ತಿ ಇರಬೇಕ ಬಿಡೋ" ಎಂದನಂತೆ. ಇದೆಲ್ಲ ತಿಳಿದದ್ದು ಆಮೇಲೆ.) ಹೂವಿನ ಬುಟ್ಟಿಯವಳು ಓಡಿ ಬಂದು ಹಿಂದಿನ ಬಾಗಿಲಿನಿಂದ ಒಂದು ಬೊಗಸೆ ಸೇವಂತಿಗೆ ಸುರಿದಳು.

ಇನ್ನೂ ಹನ್ನೆರಡು ಹೊಡೆದಿರಲಿಲ್ಲ, ದಾಂಡೇಲಿಯ ಶಾಲೆಯಲ್ಲಿ ನಡೆದಿದ್ದ ಶಿಬಿರದ ಮುಂದೆ ಕಾರು ನಿಂತು ಮೌನವಾಯಿತು. ಧೋತರದ ಅಡಿಯಿಂದ ಗೋದುಬಾಯಿಯ ತೃಪ್ತ ಧ್ವನಿ ಕೇಳಿತು.

"ಹೂ ಹಾಕಿದ್ರಲ್ಲ ಸಕ್ಕೂ. ಅಳಿಯಂದ್ರಿಗೆ ಊರೂರಾಗ ಎಷ್ಟ ಮರ್ಯಾದಿ ನೋಡ."

ಗೇಟಿನಲ್ಲಿದ್ದ ಸ್ವಯಂಸೇವಕ ಅಷ್ಟರಲ್ಲಿ ಶಂಕ್ರಪ್ಪನ ಬಳಿ ಬಂದು ಕೈಮುಗಿದು ನಿಂತಿದ್ದ. "ಅಣ್ಣಾರ, ದುಃಖದಾಗೂ ನೆನಪಿಟ್ಟು ತಂದೀರಿ. ಕಣ್ಣು ದಾನ ಕೊಡಾಕ ದೊಡ್ಡ ಮನಸ್ಸು ಬೇಕ್ರಿ."

ಧೋತರ ಸರಿಸಿ ಗೋದುಬಾಯಿ ಎದ್ದು ಕೂತಳು. "ದಾನಾ ಯಾಕ ಕೊಡ್ಲೋ ತಮ್ಮಾ? ನನಗ ಬೇಕ ಅಂತನ ಬಂದೇನಿ!"

ಸ್ವಯಂಸೇವಕ ಶಾಲೆಯ ಕಾಂಪೌಂಡು ಹಾರಿದ್ದನ್ನು ಅನೇಕರು ನೋಡಿದರು.

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಗೋದುಬಾಯಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಎಷ್ಟ ಬಾಡೀಯಲ್ಲ ನನ್ ಮಗಳ," ಎಂದಳು. ತಾಯಿ ಮಗಳು ಅತ್ತರು. ಬಾಗಿಲಲ್ಲಿ ನಿಂತ ಶಂಕ್ರಪ್ಪನೂ ಕಣ್ಣೊರೆಸಿಕೊಂಡ. ಆದರೆ ಅವನ ದುಃಖ ಬೇರೆಯೇ ಇತ್ತು. ಲಾರಿಗಳು ಯಾಕೆ ಸರಿದವೆಂದು ಇಷ್ಟರಲ್ಲಿ ಇಡೀ ಗಿರಣಿ ಅವನಿಗೆ ಹೇಳಿತ್ತು. ಅವನು ಯಾರನ್ನೂ ಹಿಂದೆ ಹಾಕಿರಲಿಲ್ಲ. ಅವರು ಹೆಣಕ್ಕೆ ದಾರಿ ಬಿಟ್ಟಿದ್ದರು. ಶಂಕ್ರಪ್ಪ ಎಂಬ ಬದುಕಿದ ಮನುಷ್ಯನಿಗಾಗಿ ಯಾವ ಲಾರಿಯೂ ಒಂದು ಗೇಣು ಸರಿದಿರಲಿಲ್ಲ.

ಮುಂದೆ ಆ ಕಾರನ್ನು ಯಾರೂ ಹತ್ತಲಿಲ್ಲ. ಕಾಲನಿಯ ಮಕ್ಕಳು ಅದರ ನೆರಳು ದಾಟುತ್ತಿರಲಿಲ್ಲ. ಸಕ್ಕುಬಾಯಿ ಪೇಟೆಗೆ ನಡೆದೇ ಹೋದಳು. ಮಾರಲು ಹೋದರೆ ನೋಡಿದವರು ಕೈಮುಗಿದು ವಾಪಸಾದರು. ಸೀಟನ್ನಾದರೂ ಮತ್ತೆ ಹಾಕಿಸೋಣವೆಂದು ಶಂಕ್ರಪ್ಪ ಇಸ್ಮಾಯಿಲ್‌ನ ಬಳಿ ಹೊರಟಿದ್ದ, ಆಗ ಮನೆಯ ಮುಂದೆ ಪಾವ್ಲು ಬಂದು ನಿಂತ. ಹಳಿಯಾಳದ ಆಚೆ ಕಾಡಿನಂಚಿನ ಹಳ್ಳಿಯವನು, ಗಿರಣಿಯಲ್ಲಿ ಬಿದಿರು ಇಳಿಸುವ ಕೆಲಸ. ಅತ್ತು ಅತ್ತು ಅವನ ಕಣ್ಣು ಬಾತಿದ್ದವು.

"ಸಾಹೇಬ್ರ, ನಮ್ಮವ್ವ ಮಾರ್ಗರೀಟಾ ದವಾಖಾನ್ಯಾಗ ತೀರಿಕೊಂಡ್ಳ್ರಿ. ಊರಿಗೆ ಒಯ್ಯಬೇಕು. ಟ್ಯಾಕ್ಸಿಯವ್ರು ಎಲ್ಲಾರೂ ಒಲ್ಲೆ ಅಂತಾರ. ನಿಮ್ಮದು ಅದಕ್ಕಂತನ ಮಾಡಿಸಿದ ಗಾಡಿ ಐತಿ ಅಂದ್ರು..."

ಅದಕ್ಕಂತನೇ! ಸ್ಪ್ರಿಂಗು ಕತ್ತರಿಸಿ, ಕಾರ್ಬೊರೇಟರ್ ಕೊರೆದು ಮಾಡಿಸಿದ್ದು ಅದಕ್ಕಂತನೇ! ಶಂಕ್ರಪ್ಪ ಇಲ್ಲವೆನ್ನಲು ಬಾಯಿ ತೆರೆದ. ಹಿಂದಿನಿಂದ ಗೋದುಬಾಯಿ, ದಪ್ಪ ಕನ್ನಡಕ ಏರಿಸಿಕೊಂಡು, "ಹೋಗ್ರಿ ಅಳಿಯಂದ್ರ. ಪಾಪ, ಅವ್ವನ್ನ ಕಳಕೊಂಡ ಕೂಸು," ಎಂದಳು.

ಮುಂದಿನ ಎಡಗಡೆಯ ಸೀಟನ್ನೂ ಬಿಚ್ಚಿದಾಗ ಶವಪೆಟ್ಟಿಗೆ ಅಳತೆ ಹಿಡಿದು ಮಾಡಿದಂತೆ ಕೂತಿತು. ಹಳ್ಳಿಯ ಕವಲಿನಲ್ಲಿ ಜನ ಕಾಯುತ್ತಿದ್ದರು. ಅಲ್ಲಿಂದ ಇಗರ್ಜಿಯವರೆಗೆ ಅವರು ಶಿಲುಬೆ ಹಿಡಿದು, ಹಾಡಿಕೊಳ್ಳುತ್ತಾ, ಗಾಡಿಯ ಮುಂದೆ ನಡೆದರು. ಹಿಂದೆ ಶಂಕ್ರಪ್ಪ ಮೊದಲ ಗೇರಿನಲ್ಲಿ, ಕ್ಲಚ್ಚು ಒತ್ತುತ್ತಾ ಬಿಡುತ್ತಾ ಬಂದ. ಹಾರಲೆಂದು ಮಾಡಿಸಿದ ಇಂಜಿನ್ನು ನಡೆಯಲಾರದೆ ಮುಗ್ಗರಿಸಿ ಮುಗ್ಗರಿಸಿ ಮುಂದೆ ನೆಗೆಯುತ್ತಿತ್ತು. ಹಾಡು ಕೇಳಬೇಕಾದಲ್ಲಿ ಅದರದೇ ಗುಡುಗು. ನಾಚಿಕೆಯಿಂದ ಅವನು ಬೆವೆತುಹೋದ.

ಪಾವ್ಲು ಸಾಲು ಬಿಟ್ಟು ಹಿಂದೆ ಬಂದು, ಗಾಜಿಲ್ಲದ ಕಿಟಕಿಯೊಳಗೆ ಬಗ್ಗಿದ.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಒಂಚೂರು ನಿಧಾನ ಬರ್ರಿ. ಮುದುಕ್ರಿಗೆ ನಿಮ್ಮ ಓಟಕ್ಕ ಸರಿ ಹೆಜ್ಜಿ ಹಾಕಾಕ ಆಗವಲ್ತು."

ಶಂಕ್ರಪ್ಪ ಅವನ ಮುಖವನ್ನೇ ನೋಡಿದ. ಸೂಲಗಿತ್ತಿಯಿಂದ ಹಿಡಿದು ಹೆಂಡತಿಯವರೆಗೆ ಯಾರೂ ಹೇಳದ ಮಾತು. ಅವನು ಇಂಜಿನ್ನು ಆರಿಸಿ, ಕೆಳಗಿಳಿದು, ಎಲ್ಲರ ಹಿಂದೆ ನಿಂತು ತನ್ನ ಕಾರನ್ನು ಮೆಲ್ಲಗೆ ನೂಕತೊಡಗಿದ.