ಎಡಗಾಲಿನ ಸಾವು

"ಅವನು ಸಾಯೋ ಹಾಗಿಲ್ಲ ಮೇಷ್ಟ್ರೇ. ಅವನು ಎಡಗಾಲು."

"ಅವನು ಮನುಷ್ಯ ಕಣಮ್ಮಾ," ಎಂದರು ಕುರಮೊಚಿ. "ಇನ್ನೂ ಮೀಸೆ ಚಿಗುರದ ಹುಡುಗ. ಮನೇಲಿ ತಂಗಿ ಇದ್ದಾಳೆ."

"ತಂಗಿ ಇರಲಿ ಬಿಡಿ. ಅವನ ಬುಲ್ಡೋಜರ್ ಎಡಗಾಲಲ್ವಾ?"

ಟೋಕಿಯೊದ ಆ ಸ್ಟುಡಿಯೋದ ಪುಟ್ಟ ಕೋಣೆಯಲ್ಲಿ ಬಾರ್ಲಿ ಚಹಾ ಆಗಲೇ ಆರಿ ತಣ್ಣಗಾಗಿತ್ತು. ಭಾನುವಾರ ಬೆಳಿಗ್ಗೆ ಮಕ್ಕಳು ಕಣ್ಣು ಉಜ್ಜಿಕೊಂಡು ನೋಡುವ ಧಾರಾವಾಹಿಗೆ ಕಥೆ ಬರೆಯುವವರು ಕುರಮೊಚಿ. ಆಟಿಕೆ ಕಂಪನಿಯಿಂದ ಬಂದು ಅದನ್ನು ತಿದ್ದಿಸುವವಳು ನಿಶಿವಾಕಿ. ಕಥೆಯಲ್ಲಿ ಐವರು ವೀರರು, ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಒಂದೊಂದು ವಾಹನ. ಒಂದು ತಲೆ, ಉಳಿದವು ಕೈಕಾಲು ಆಗಿ ಐದೂ ವಾಹನ ಸೇರಿಕೊಂಡರೆ ಆಕಾಶದೆತ್ತರದ ಯಂತ್ರಮಾನವ. ಅಂಗಡಿಯಲ್ಲಿ ಡಬ್ಬಿಯೊಳಗೆ ಮಾರುವುದೂ ಅವನನ್ನೇ.

ಹೊಸ ಕತ್ತಿ ಬಂದರೆ ಕತ್ತಿಗೊಂದು ಕಥೆ, ಹೊಸ ಬೆಲ್ಟ್ ಬಂದರೆ ಬೆಲ್ಟಿಗೊಂದು. ಹೀಗೆ ಬರೆದೂ ಬರೆದೂ ಕುರಮೊಚಿಯವರ ತಲೆ ನೆರೆದಿತ್ತು. ನೋಡಿದವರು ಬಿಕ್ಕಿ ಅಳುವಂಥ ಸಾವು ಒಂದು, ಒಂದೇ ಒಂದು, ತಮ್ಮ ಕೈಯಿಂದ ಬರಬೇಕೆಂದು ಅವರ ಜೀವ ಹಾತೊರೆಯುತ್ತಿತ್ತು. ಅದಕ್ಕೇ ಬುಲ್ಡೋಜರಿನ ಹಸಿರು ವೀರನನ್ನು ಸಾಯಿಸಿಕೊಂಡು ಬಂದಿದ್ದರು.

"ಕ್ರಿಸ್‌ಮಸ್ ಹಿಂದಿನ ವಾರ ಸಾಯ್ತಾನೆ ಅಂತೀರಿ," ಎಂದಳು ನಿಶಿವಾಕಿ. "ಅಜ್ಜಿ ಆಸೆಪಟ್ಟು ಕೊಡಿಸಿರ್ತಾಳೆ. ಮಗು ಡಬ್ಬಿ ಬಿಚ್ಚಿದ್ರೆ ಒಳಗೆ ಸತ್ತೋನ ಕಾಲು."

"ಸರಿ, ಕೆಂಪು ವೀರ ಸಾಯಲಿ."

"ಅವನು ತಲೆ."

"ಹಳದಿ ಹುಡುಗಿ?"

"ಬಲಗೈ. ಕತ್ತಿ ಹಿಡಿಯೋಳೇ ಅವಳು."

"ಆ ಕೇಡಿ ರಾಕ್ಷಸನಾದ್ರೂ?"

"ಅವನ ಗೊಂಬೆ ಹೊಸ ವರ್ಷಕ್ಕೆ ಬರ್ತಿದೆ ಮೇಷ್ಟ್ರೇ. ಅಲ್ಲೀವರೆಗೆ ಬದುಕಿರ್ಬೇಕು."

"ಅಂದ್ರೆ ಈ ಕಥೇಲಿ ಯಮನಿಗೂ ಕೆಲಸ ಇಲ್ಲ ಅನ್ನು," ಎಂದು ಗೊಣಗಿದ ಕುರಮೊಚಿ, ಹಸಿರು ವೀರ ಸಾಯುವ ಕೊನೆಯ ಹಾಳೆಯನ್ನು ಅವಳ ಮುಂದೆ ತಳ್ಳಿದರು. "ಮೊದಲು ಓದು. ಆಮೇಲೆ ಮಾತಾಡು."

ನಿಶಿವಾಕಿ ಓದಿದಳು. ಓದುತ್ತಾ ಓದುತ್ತಾ ಅವಳ ಕಣ್ಣು ತುಂಬಿ ಬಂತು. ಕುರಮೊಚಿಯವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"'ನೀವು ಮುಂದೆ ನಡೀರಿ. ನಾನು ಇಲ್ಲೇ ಇರ್ತೀನಿ...' ಕರುಳು ಕಿತ್ತು ಬರತ್ತೆ ಮೇಷ್ಟ್ರೇ." ಅವಳು ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡಳು. "ಆದ್ರೆ ಎಡಗಾಲು ಇಲ್ಲೇ ಇದ್ರೆ ಉಳಿದೋರು ಮುಂದೆ ನಡೆಯೋದು ಹೇಗೆ?"

ಕುರಮೊಚಿ ತಲೆಯ ಮೇಲೆ ಕೈ ಹೊತ್ತು ಕೂತರು. ಆಮೇಲೆ ಮೀನು ಸಂತೆಯ ಹಾಗೆ ಚೌಕಾಸಿ ನಡೆಯಿತು. ಸಾವು ಅನ್ನುವುದು ಸಾಯುವ ಸ್ಥಿತಿಯಾಯಿತು. ಸಾಯುವ ಸ್ಥಿತಿ ಇಳಿದು ಇಳಿದು ಬರೀ ಗಾಯಕ್ಕೆ ಬಂದು ನಿಂತಿತು.

"ಬದುಕಿಕೊಳ್ಳಲಿ, ಹಾಳಾಗಿ ಹೋಗ್ಲಿ," ಎಂದರು ಕುರಮೊಚಿ. "ಬೀಳುವಾಗ ಆ ಮಾತು ಹೇಳೇ ಬೀಳ್ಬೇಕು. ಒಂದಕ್ಷರ ಮುಟ್ಟಿದ್ರೆ ನೋಡು."

"ಮುಟ್ಟಲ್ಲ, ನನ್ನಾಣೆ. ಆದ್ರೆ ಬಿದ್ದೋನನ್ನ ಎತ್ಕೊಂಡು ಹೋಗೋಕೆ ಏನಾದ್ರೂ ಬೇಕಲ್ಲ?"

ಅವಳು ಪಕ್ಕದಲ್ಲಿದ್ದ ಬಟ್ಟೆಗಂಟನ್ನು ಬಿಚ್ಚಿದಳು. ಒಳಗಿನಿಂದ ಬಣ್ಣ ಬಳಿದು ಮುಗಿಸಿದ, ಪಳಪಳ ಹೊಳೆಯುವ ಬಿಳಿ ಆಂಬುಲೆನ್ಸ್ ಹೊರಬಂತು. ಬೆಳಿಗ್ಗೆಯಿಂದ ಅದು ಅಲ್ಲೇ ಇತ್ತು.

"ಇದನ್ನ ಯಾವಾಗ ಮಾಡಿದ್ರಿ?"

"ಬೇಸಿಗೇಲಿ."

"ನಾನು ಸಾವು ಬರೆದಿದ್ದೇ ಹೋದ ವಾರ."

"ನೀವು ಪ್ರತಿ ವರ್ಷ ಈ ಹೊತ್ತಿಗೆ ಯಾರನ್ನಾದ್ರೂ ಸಾಯಿಸೋಕೆ ಬಂದೇ ಬರ್ತೀರಲ್ಲ ಮೇಷ್ಟ್ರೇ. ಹೋದ ವರ್ಷ ನೀರಲ್ಲಿ ಮುಳುಗಿಸಿದ್ರಿ, ದೋಣಿ ಇಟ್ಕೊಂಡು ಬಂದಿದ್ದೆ."

ಕುರಮೊಚಿ ಮುಖ ಊದಿಸಿಕೊಂಡು ಕಿಟಕಿಯ ಕಡೆ ತಿರುಗಿದರು. ಕೋಪವೇನೋ ನೆತ್ತಿಗೇರಿತ್ತು, ಆದರೆ ಕೈ ಮಾತ್ರ ತಾನಾಗಿ ಹೋಗಿ ಆಂಬುಲೆನ್ಸಿನ ಹಿಂಬಾಗಿಲನ್ನು ಎಳೆಯಿತು. ಬಾಗಿಲು ತೆರೆದುಕೊಂಡಿತು. ಒಳಗೆ ಪುಟ್ಟದೊಂದು ಹಾಸಿಗೆಯೂ ಇತ್ತು. ಬಾಗಿಲು ಮುಚ್ಚಿ, ಮತ್ತೊಮ್ಮೆ ತೆರೆದು ನೋಡಿದರು.

"ಇದು ಯಂತ್ರಮಾನವನ ಯಾವ ಭಾಗ ಆಗತ್ತೆ?" ಎಂದರು, ಅವಳ ಮುಖ ನೋಡದೆ. "ಕೈಯೂ ಇದೆ, ಕಾಲೂ ಇದೆ, ತಲೇನೂ ಇದೆ."

"ಊರುಗೋಲು ಮೇಷ್ಟ್ರೇ," ಎಂದಳು ನಿಶಿವಾಕಿ. "ಪಾಪ, ಎಡಗಾಲಿಗೆ ಪೆಟ್ಟಾಗಿದೆಯಲ್ಲ."